ಹಕ್ಕಿನ ಮಾತು, ಖರ್ಚಿನ ಮಾತು: ಕೆಲವು ಆಂಗ್ಲ ತೀರ್ಪುಗಳ ವಿಮರ್ಶೆ

ನ್ಯಾಯಸ್ಥಾನದ ತೀರ್ಪನ್ನು ಗದ್ಯಸಾಹಿತ್ಯದ ಸಾಲಿನಲ್ಲಿಟ್ಟು ನೋಡುವ ವಾಡಿಕೆ ಕನ್ನಡದಲ್ಲಿ ಹೆಚ್ಚಾಗಿ ಬೆಳೆದಿಲ್ಲ. ಶಾಸನಗಳ ವಿಷಯ ಹೀಗಲ್ಲ. ದಾನಶಾಸನವೊಂದು ಹೊಲದ ಎಲ್ಲೆಯನ್ನೂ ತೆರಿಗೆಯ ವಿವರವನ್ನೂ ಹೇಳುವ ಶುದ್ಧ ವ್ಯವಹಾರಪತ್ರವೇ ಆಗಿದ್ದರೂ ಅದರ ಮಾತಿನ ಬಿಗುಪನ್ನು ಮೆಚ್ಚಿ ಪಾಠ ಹೇಳುವ ಅಧ್ಯಾಪಕರು ಅನೇಕರುಂಟು. ಅಂಥ ಶಾಸನದಲ್ಲಿ ಎರಡು ಭಾಗಗಳಿರುವುದನ್ನು ಎಲ್ಲರೂ ಬಲ್ಲರು. ದತ್ತಿಯನ್ನು ಹೇಳುವ ಭಾಗವೊಂದು. ದತ್ತಿಯನ್ನು ಅಳಿದವನಿಗೆ ಏನಾಗುವುದೆಂದು ಹೇಳುವ ಶಾಪಾಶಯದ ಭಾಗ ಮತ್ತೊಂದು. ಮೊದಲನೆಯದನ್ನು ಕವಿ ತನ್ನ ಶಕ್ತಿಯನ್ನೆಲ್ಲ ಉಪಯೋಗಿಸಿ ಬರೆಯುವನು. ಎರಡನೆಯದು ರೂಢಿಯ ಶ್ಲೋಕದಲ್ಲಿ ಮುಗಿದುಹೋಗುವುದು. ಆದರೆ ಹೊಲವನ್ನು ಕಾಯುವ ಕೆಲಸ ಎರಡನೆಯದರದು.

ಆಂಗ್ಲ ತೀರ್ಪುಗಳಲ್ಲಿಯೂ ಇದೇ ವಿಭಾಗವನ್ನು ಕಾಣಬಹುದು. ಹಕ್ಕು ಯಾರದೆಂದು ಹೇಳುವ ಭಾಗ ಅಲ್ಲಿ ದತ್ತಿಯ ಭಾಗ. ವ್ಯಾಜ್ಯದ ಖರ್ಚನ್ನು ಯಾರು ತೆರಬೇಕೆಂದು ಹೇಳುವ ಭಾಗ ಶಾಪಾಶಯ. ಮೊದಲನೆಯದು ಪುಟಗಟ್ಟಲೆ ಇರುವುದು, ಉದ್ಧರಿಸಲ್ಪಡುವುದು, ಪಠ್ಯಪುಸ್ತಕಗಳಿಗೆ ಏರುವುದು. ಎರಡನೆಯದು ಬಹುಮಟ್ಟಿಗೆ ಕೊನೆಯ ಒಂದೆರಡು ವಾಕ್ಯಗಳಲ್ಲಿ ಅಡಗಿರುವುದು. ಕೆಲವೊಮ್ಮೆ ತೀರ್ಪಿನಲ್ಲಿಯೇ ಇರದೆ ಬೇರೊಂದು ಆಜ್ಞೆಯಲ್ಲಿ ಹೊರಡುವುದು. ಈ ಎರಡು ಭಾಗಗಳನ್ನು ಒಟ್ಟಿಗೆ ಓದಿದರೆ ಮಾತ್ರ ಕೃತಿಯ ಅರ್ಥ ಪೂರ್ಣವಾಗುವುದೆಂಬುದನ್ನು ಒಂದು ವಿಷಯವನ್ನು ಹಿಡಿದು ನೋಡುವುದು ಪ್ರಕೃತ ಲೇಖನದ ಉದ್ದೇಶ. ಸಾಲಿಸಿಟರನ ಬಳಿಯಿರುವ ಕಕ್ಷಿಗಾರನ ಕಾಗದಪತ್ರಗಳನ್ನು ನಿಯಾಮಕ ಸಂಸ್ಥೆಯೊಂದು ತನಗಿಲ್ಲದ ಅಧಿಕಾರದಿಂದ ಕೇಳಿದರೆ, ಕೊಡಲಾಗದೆಂದು ಹೋರಾಡಿದವನ ಖರ್ಚು ಯಾರ ತಲೆಯ ಮೇಲೆ ಬೀಳತಕ್ಕದ್ದು ಎಂಬುದೇ ಆ ವಿಷಯ.

ಇದು ಶುಷ್ಕವಾದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಆದರೆ ಸಾಲಿಸಿಟರನ ಸ್ಥಿತಿಯನ್ನು ನೋಡಿದರೆ ಹಾಗೆ ತೋರದು. ವಕೀಲನಿಗೂ ಕಕ್ಷಿಗಾರನಿಗೂ ನಡುವೆ ಕಾನೂನಿನ ಸಲಹೆಗಾಗಿ ನಡೆದ ಮಾತನ್ನೂ ಪತ್ರವನ್ನೂ ಯಾರೂ ಬಲಾತ್ಕಾರದಿಂದ ಹೊರಗೆಡಹಿಸಬಾರದೆಂಬ ನಿಯಮ ಇಂಗ್ಲೆಂಡಿನಲ್ಲಿ ಬಹು ಹಳೆಯದು. ಸಾಲಿಸಿಟರೊಬ್ಬನನ್ನು ಅವನ ಕಕ್ಷಿಗಾರನ ವಿಷಯದಲ್ಲಿ ಸಾಕ್ಷ್ಯಕ್ಕೆ ಎಳೆಯಕೂಡದೆಂದು ೧೫೭೭ರಲ್ಲಿಯೇ ಚಾನ್ಸರಿ ನ್ಯಾಯಸ್ಥಾನದ ಆಜ್ಞೆಯಾಗಿತ್ತು. ಆ ಕಾಲದಲ್ಲಿ ಈ ನಿಯಮಕ್ಕೆ ಕೊಡುತ್ತಿದ್ದ ಸಮರ್ಥನೆ ವಕೀಲನ ಮರ್ಯಾದೆ: ನಂಬಿಕೆಯಿಂದ ಹೇಳಿದ ಮಾತನ್ನು ಹೊರಗೆ ಹಾಕುವುದು ಸಂಭಾವಿತನಿಗೆ ತಕ್ಕುದಲ್ಲವೆಂದು. ಕಾಲಕ್ರಮದಲ್ಲಿ ಈ ಸಮರ್ಥನೆ ಬದಲಾಯಿತು. ೧೮೩೩ರಲ್ಲಿ ಲಾರ್ಡ್ ಬ್ರೂಮರು ಬರೆದ ತೀರ್ಪಿನ ವೇಳೆಗೆ ವಕೀಲನ ಮಾನಕ್ಕೆ ಬದಲಾಗಿ ನ್ಯಾಯದಾನದ ಅಗತ್ಯ ಮುಂದಕ್ಕೆ ಬಂದಿತ್ತು. ಇಂದು ಈ ಹಕ್ಕು ಸಂಪೂರ್ಣವಾಗಿ ಕಕ್ಷಿಗಾರನದು, ಬಿಟ್ಟುಕೊಡಬಲ್ಲವನು ಅವನೊಬ್ಬನೇ, ಸಾಲಿಸಿಟರನು ಅದರ ಕಾವಲುಗಾರ. ಹಕ್ಕು ವಕೀಲನಿಂದ ಕಕ್ಷಿಗಾರನಿಗೆ ದಾಟಿತು. ಆದರೆ ಅದನ್ನು ಕಾಯುವ ಖರ್ಚು ಅದರೊಡನೆ ದಾಟಲಿಲ್ಲ. ಈ ಇತಿಹಾಸವನ್ನು ಹೇಳುವ ಗ್ರಂಥಗಳು ಈ ಒಂದು ಸಂಗತಿಯನ್ನು ಸಾಮಾನ್ಯವಾಗಿ ಗಮನಿಸಿಲ್ಲ.

ನಿಯಾಮಕ ಸಂಸ್ಥೆಯ ಕೈಯಲ್ಲಿಯೋ ಬಲವಾದ ಆಯುಧವಿದೆ. ೧೯೭೪ರ ಸಾಲಿಸಿಟರುಗಳ ಅಧಿನಿಯಮಕ್ಕೆ ೨೦೦೭ರ ಅಧಿನಿಯಮವು ಸೇರಿಸಿದ ೪೪ಬಿ ಎಂಬ ಪ್ರಕರಣದ ಪ್ರಕಾರ ದಸ್ತಾವೇಜುಗಳನ್ನು ಹಾಜರುಮಾಡೆಂದು ಸಾಲಿಸಿಟರನಿಗೆ ಲಿಖಿತವಾಗಿ ಅಪ್ಪಣೆ ಮಾಡಬಹುದು. ಇಂಥ ಅಪ್ಪಣೆ ಕೈಸೇರಿದಾಗ, ಅದು ಮಿತಿಮೀರಿದ್ದೆಂದು ಕಂಡರೆ, ಅವನಿಗೆ ಮೂರು ದಾರಿಗಳುಂಟು. ಕಾಗದಗಳನ್ನು ಕೊಟ್ಟುಬಿಡಬಹುದು, ಆಗ ತನ್ನದಲ್ಲದ ಹಕ್ಕನ್ನು ತಾನು ಒಪ್ಪಿಸಿದಂತಾಗುವುದು. ಕೊಡುವುದಿಲ್ಲವೆಂದು ಸುಮ್ಮನಿರಬಹುದು, ಆಗ ಅವಿಧೇಯತೆಗಾಗಿ ಶಿಸ್ತಿನ ಮಂಡಲಿಯ ಮುಂದೆ ನಿಲ್ಲಬೇಕಾದೀತು. ತಾನೇ ಮುಂದಾಗಿ ಹೈಕೋರ್ಟಿಗೆ ಹೋಗಬಹುದು; ಆಗ ಸೋತರೆ ಎರಡು ಕಡೆಯ ಖರ್ಚು. ಕಕ್ಷಿಗಾರನು ಎಷ್ಟೋ ವರ್ಷಗಳ ಹಿಂದೆ ಕೆಲಸ ಮುಗಿಸಿಕೊಂಡು ಹೋದವನಾಗಿರಬಹುದು. ಅವನಿಂದ ಹಣ ಬರುವ ಭರವಸೆ ಇಲ್ಲ.

ಈ ವಿಷಯದ ತೀರ್ಪುಗಳ ಪರಂಪರೆಯಲ್ಲಿ ಮೊದಲು ನೋಡಬೇಕಾದ್ದು ಪ್ಯಾರಿ-ಜೋನ್ಸ್ ಪ್ರಕರಣದ ತೀರ್ಪು. ಇದು ೧೯೬೯ರ ಚಾನ್ಸರಿ ವರದಿಗಳ ಮೊದಲ ಸಂಪುಟದ ಮೊದಲ ಪುಟದಲ್ಲಿಯೇ ಅಚ್ಚಾಗಿದೆ. ಲಾ ಸೊಸೈಟಿಯು ಸಾಲಿಸಿಟರೊಬ್ಬರ ಲೆಕ್ಕದ ಪುಸ್ತಕಗಳನ್ನೂ ಕಾಗದಗಳನ್ನೂ ಪರಿಶೀಲಿಸಬೇಕೆಂದಿತು. ಕಕ್ಷಿಗಾರರ ಗುಟ್ಟು ಬಯಲಾಗುವುದೆಂದು ಅವರು ತಡೆಯಾಜ್ಞೆ ಕೋರಿದರು. ಅಪೀಲು ನ್ಯಾಯಸ್ಥಾನ ಕೊಡಲಿಲ್ಲ. ಲಾರ್ಡ್ ಡೆನಿಂಗರ ವಾಕ್ಯಗಳು ಎಂದಿನಂತೆ ಗಿಡ್ಡ, ಎಂದಿನಂತೆ ನಿಶ್ಚಿತ. ಕಥೆ ಹೇಳುವವನ ಓಟ ಅವುಗಳಲ್ಲಿದೆ. ನಿಯಮವು ಗೋಪ್ಯತೆಯನ್ನು ಮೀರುತ್ತದೆ, ಆದರೆ ನೋಡಿದವನೂ ಗುಟ್ಟನ್ನು ಕಾಪಾಡಬೇಕು ಎಂದು ಹೇಳಿ ಅವರು ಮುಗಿಸಿದರು. ಡಿಪ್ಲಾಕರ ರೀತಿ ಬೇರೆ. ಅವರದು ಸೂತ್ರಕಾರನ ಗದ್ಯ. ಈ ವಿಶೇಷಾಧಿಕಾರವೆಂಬುದು ನ್ಯಾಯಸ್ಥಾನದ ಮುಂದೆ ಸಾಕ್ಷ್ಯ ಹೇಳದಿರುವ ಹಕ್ಕು ಮಾತ್ರ. ನ್ಯಾಯವಿಚಾರಣೆಯೇ ಇಲ್ಲದ ಕಡೆ ಅದರ ಪ್ರಸಕ್ತಿಯೇ ಇಲ್ಲ—ಇದು ಅವರ ವಾದದ ಸಾರ. ಒಂದು ಲಕ್ಷಣವನ್ನು ಹೇಳಿ, ಲಕ್ಷ್ಯವು ಅದರೊಳಗೆ ಬಾರದೆಂದು ತೋರಿಸಿ, ವಾದವನ್ನು ಮುಗಿಸುವ ಈ ಕ್ರಮ ನೋಡಲು ಬಹು ಚೊಕ್ಕಟ. ಲಕ್ಷಣವೇ ಅವ್ಯಾಪ್ತಿದೋಷದಿಂದ ಕೂಡಿದ್ದರೆ ಇಡೀ ಕಟ್ಟಡ ಕುಸಿಯುವುದು, ಆದದ್ದೂ ಹಾಗೆಯೇ.

೧೯೯೫ರ ಡರ್ಬಿ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ಹಕ್ಕು ಸಾಕ್ಷ್ಯದ ನಿಯಮಕ್ಕಿಂತ ದೊಡ್ಡದು, ನ್ಯಾಯದಾನವೇ ಇದರ ಮೇಲೆ ನಿಂತಿದೆ ಎಂದಿತು. ೨೦೦೨ರ ಮಾರ್ಗನ್ ಗ್ರೆನ್‌ಫೆಲ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ ಇದನ್ನು ಮನುಷ್ಯನ ಮೂಲಭೂತ ಹಕ್ಕುಗಳಲ್ಲಿ ಒಂದೆಂದು ಎಣಿಸಿತು. ತೆರಿಗೆಯನ್ನು ತಪ್ಪಿಸುವ ಉಪಾಯವೊಂದನ್ನು ಬ್ಯಾಂಕೊಂದು ರಚಿಸಿತ್ತು. ಅದಕ್ಕೆ ವಕೀಲರು ಕೊಟ್ಟ ಅಭಿಪ್ರಾಯಗಳನ್ನು ತೋರಿಸೆಂದು ತೆರಿಗೆಯ ಇನ್‌ಸ್ಪೆಕ್ಟರು ೧೯೭೦ರ ಅಧಿನಿಯಮದ ೨೦ನೆಯ ಪ್ರಕರಣದಂತೆ ನೋಟೀಸು ಕೊಟ್ಟನು. ಇಲ್ಲಿ ನೋಟೀಸು ಬಂದದ್ದು ಕಕ್ಷಿಗಾರನಿಗೇ ಹೊರತು ಸಾಲಿಸಿಟರನಿಗಲ್ಲ. ಆದರೆ ತತ್ತ್ವ ಎರಡಕ್ಕೂ ಒಂದೇ. ಬ್ಯಾಂಕು ಡಿವಿಜನಲ್ ಕೋರ್ಟಿನಲ್ಲಿ ಸೋತಿತು. ಅಪೀಲು ನ್ಯಾಯಸ್ಥಾನದಲ್ಲಿ ಸೋತಿತು. ಮೂರನೆಯ ಮೆಟ್ಟಿಲಿನಲ್ಲಿ ಗೆದ್ದಿತು. ಮೂರು ಮೆಟ್ಟಿಲು ಹತ್ತುವ ಶಕ್ತಿ ಬ್ಯಾಂಕಿಗೆ ಇತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಈ ತೀರ್ಪಿನಲ್ಲಿ ಲಾರ್ಡ್ ಹಾಬ್‌ಹೌಸರು ಬರೆದ ಪುಟ್ಟ ಭಾಗವೊಂದು ಕನ್ನಡದ ವಿದ್ವಾಂಸರಿಗೆ ವಿಶೇಷವಾಗಿ ರುಚಿಸುವಂಥದು. ಸ್ಪಷ್ಟವಾದ ಪದಗಳಿಂದಾಗಲಿ ಅನಿವಾರ್ಯವಾದ ಸೂಚನೆಯಿಂದಾಗಲಿ ಪಾರ್ಲಿಮೆಂಟು ತೆಗೆಯದಿದ್ದರೆ ಈ ಹಕ್ಕು ಉಳಿಯುವುದೆಂದು ಎಲ್ಲರೂ ಒಪ್ಪಿದ್ದರು. ಈ ಅನಿವಾರ್ಯ ಸೂಚನೆ ಎಂದರೇನು? ಹೀಗೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಪಾರ್ಲಿಮೆಂಟು ಯೋಚಿಸಿದ್ದರೆ ಹೀಗೆಯೇ ಹೇಳುತ್ತಿತ್ತು ಎಂಬ ಊಹೆ ಸಾಲದು. ಹೇಳಿದ ಮಾತಿಗೆ ಹೇಳದ ಮಾತು ಸೇರದೆ ಅರ್ಥವೇ ಕೂಡುವುದಿಲ್ಲವೆಂಬಂತೆ ಇರಬೇಕು. ಇದು ತರ್ಕದ ಪ್ರಶ್ನೆಯೇ ಹೊರತು ಔಚಿತ್ಯದ ಪ್ರಶ್ನೆಯಲ್ಲ ಎಂಬುದು ಅವರ ಅಭಿಪ್ರಾಯ. ಮೀಮಾಂಸಕರ ಅರ್ಥಾಪತ್ತಿ ಎಂಬುದು ಇದೇ ಅಲ್ಲವೆ? ಹಗಲು ಉಣ್ಣದ ದೇವದತ್ತನು ದಪ್ಪಗಿದ್ದಾನೆ ಎಂದಮೇಲೆ ರಾತ್ರಿ ಉಣ್ಣುತ್ತಾನೆಂಬುದು ಬೇಡವೆಂದರೂ ಬರುವುದು. ಉಂಡರೆ ಒಳ್ಳೆಯದಿತ್ತು ಎಂಬ ಹಾರೈಕೆಯಿಂದ ಬರುವುದಲ್ಲ. ಆಲಂಕಾರಿಕರ ವ್ಯಂಜನೆಯನ್ನು ತೆರಿಗೆಯ ಕಾನೂನಿಗೆ ಹಚ್ಚಬಾರದೆಂದು ಲಂಡನ್ನಿನ ನ್ಯಾಯಾಧೀಶರೊಬ್ಬರು ಮೀಮಾಂಸೆಯನ್ನು ಓದದೆಯೇ ಹೇಳಿದಂತಾಯಿತು.

ಆದರೆ ಲಾರ್ಡ್ ಹಾಫ್‌ಮನ್ನರಿಗೆ ಒಂದು ಇಕ್ಕಟ್ಟು ಒದಗಿತು. ಹಕ್ಕು ಇಷ್ಟು ದೊಡ್ಡದಾದರೆ ಪ್ಯಾರಿ-ಜೋನ್ಸ್ ತೀರ್ಪಿನ ಗತಿಯೇನು? ಡಿಪ್ಲಾಕರ ಲಕ್ಷಣ ಬಿದ್ದುಹೋಯಿತು; ಲಕ್ಷಣವನ್ನು ನಂಬಿದ ನಿರ್ಣಯವಾದರೋ ಆಚರಣೆಯಲ್ಲಿ ಬೇರೂರಿತ್ತು. ಹಳೆಯ ಗ್ರಂಥದ ಒಂದು ಪಾಠ ವ್ಯಾಕರಣಕ್ಕೆ ಒಗ್ಗದಿದ್ದಾಗ ವ್ಯಾಖ್ಯಾನಕಾರನು ಮಾಡುವ ಕೆಲಸವನ್ನು ಅವರು ಮಾಡಿದರು: ಪಾಠವನ್ನು ಬಿಡದೆ ಅದಕ್ಕೆ ಹೊಸ ಅನ್ವಯ ಕೊಟ್ಟರು. ಸಾಲಿಸಿಟರನ ನಡತೆಯನ್ನು ನೋಡುವುದಕ್ಕೆ ಮಾತ್ರ ಸಂಸ್ಥೆ ಕಾಗದಗಳನ್ನು ನೋಡಿದರೆ, ಕಕ್ಷಿಗಾರನಿಗೆ ವಿರೋಧವಾಗಿ ಅವುಗಳನ್ನು ಉಪಯೋಗಿಸದಿದ್ದರೆ, ಅವನ ಹಕ್ಕಿಗೆ ಭಂಗವೇ ಇಲ್ಲ, ಇದ್ದರೂ ಹೆಸರಿಗೆ ಮಾತ್ರ ಎಂದರು. ಈ ಭಾಗವನ್ನು ತೀರ್ಪಿನ ಉಳಿದ ಭಾಗದ ಪಕ್ಕದಲ್ಲಿಟ್ಟು ಓದಿದರೆ ಧಾಟಿ ತಗ್ಗುವುದು ಕಿವಿಗೇ ಗೊತ್ತಾಗುತ್ತದೆ. ಮೂಲಭೂತವೆಂದ ಹಕ್ಕಿಗೆ ಹೆಸರಿಗೆ ಮಾತ್ರ ಭಂಗವೆಂಬುದೊಂದು ಇರಬಹುದೆ? ಗೊತ್ತಿಲ್ಲದವನು ಗುಟ್ಟನ್ನು ಓದಿದಮೇಲೆ ಅದು ಗುಟ್ಟಾಗಿ ಉಳಿಯಿತೆ? ಅಷ್ಟು ಸ್ಪಷ್ಟವಾಗಿ ಬರೆಯುವ ಲೇಖಕ ಇಲ್ಲಿ ಮಂಜಿನಲ್ಲಿ ನಡೆದಿರುವುದು ವಿಷಾದಕರ.

ಈ ತೇಪೆ ಮರುವರ್ಷವೇ ಪರೀಕ್ಷೆಗೆ ಬಂದಿತು. ಅದೂ ಸಾಕ್ಷಾತ್ತಾಗಿ ಸಾಲಿಸಿಟರರ ಕಾಗದಗಳ ವಿಷಯದಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ ಜಿಲ್ಲಾ ಲಾ ಸೊಸೈಟಿಯು ವಕೀಲರ ಸಂಸ್ಥೆಯೊಂದರ ಮೇಲೆ ಬಂದ ದೂರುಗಳನ್ನು ವಿಚಾರಿಸುತ್ತ ದಸ್ತಾವೇಜುಗಳನ್ನು ಕೇಳಿತು. ಗೋಪ್ಯತೆಯ ಹಕ್ಕನ್ನು ಬಿಟ್ಟುಕೊಡುವುದಿಲ್ಲವೆಂಬ ಷರತ್ತನ್ನು ಸ್ಪಷ್ಟವಾಗಿ ಹೇಳಿ ಕೆಲವು ಕಾಗದಗಳನ್ನು ಅವರು ಒಪ್ಪಿಸಿದರು. ಆಮೇಲೆ ಹಿಂದಕ್ಕೆ ಕೇಳಿದಾಗ ಸೊಸೈಟಿ ಕೊಡಲಿಲ್ಲ. ವ್ಯಾಜ್ಯ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ೧೯೪೯ರವರೆಗೆ ಭಾರತದ ಅಪೀಲುಗಳೂ ಹೋಗುತ್ತಿದ್ದುದು ಅಲ್ಲಿಗೇ. ೨೦೦೩ರಲ್ಲಿ ಲಾರ್ಡ್ ಮಿಲೆಟ್ಟರು ತೀರ್ಪನ್ನು ಓದಿದರು: ಕೇಳುವ ಅಧಿಕಾರ ಸೊಸೈಟಿಗೆ ಇರಲಿಲ್ಲ; ಷರತ್ತಿನ ಮೇಲೆ ಪಡೆದದ್ದನ್ನು ಷರತ್ತು ಮೀರಿ ಇಟ್ಟುಕೊಳ್ಳಲಾಗದು.

ಈ ಮಾಲೆಯ ತೀರ್ಪುಗಳಲ್ಲೆಲ್ಲ ಗದ್ಯದ ದೃಷ್ಟಿಯಿಂದ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು. ಮಿಲೆಟ್ಟರು ಸೊಸೈಟಿಯನ್ನು ನಿಂದಿಸುವುದಿಲ್ಲ, ವಕೀಲರನ್ನು ಹೊಗಳುವುದಿಲ್ಲ. ಕಕ್ಷಿಗಾರನು ಮೊದಲ ದಿನ ಎದುರಿಗೆ ಬಂದು ಕುಳಿತಾಗ ವಕೀಲನು ಅವನಿಗೆ ಏನೆಂದು ಭರವಸೆ ಕೊಡಬಲ್ಲನು ಎಂಬುದೊಂದನ್ನೇ ಅವರು ಹಿಡಿದಿದ್ದಾರೆ. ನಿನ್ನ ಮಾತು ನಿನ್ನ ಒಪ್ಪಿಗೆಯಿಲ್ಲದೆ ಹೊರಬೀಳದು. ಒಂದು ಮಿತಿಯೊಳಗೆ ನೀನು ಒಪ್ಪಿದರೆ ಆ ಮಿತಿಯೂ ಮುರಿಯದು—ಈ ಮಾತನ್ನು ಆದರೆ-ಹೋದರೆಗಳಿಲ್ಲದೆ ಹೇಳುವಂತಿರಬೇಕು ಎನ್ನುತ್ತಾರೆ. ತತ್ತ್ವವನ್ನು ಒಂದು ಕೋಣೆಯ ಎರಡು ಕುರ್ಚಿಗಳ ನಡುವೆ ತಂದು ನಿಲ್ಲಿಸಿದ್ದು ಅವರ ಸಾಮರ್ಥ್ಯ. ಹಕ್ಕನ್ನು ಸಾರ್ವಜನಿಕ ಹಿತದೊಡನೆ ಪ್ರತಿಸಲವೂ ತಕ್ಕಡಿಯಲ್ಲಿ ತೂಗಬೇಕೆಂಬ ವಾದವನ್ನೂ ಅವರು ಒಪ್ಪಲಿಲ್ಲ. ತೂಕ ಎಂದೋ ಮುಗಿದಿದೆ.

ಆದರೆ ಆ ಕೋಣೆಯಲ್ಲಿ ವಕೀಲನು ಇನ್ನೊಂದು ಭರವಸೆಯನ್ನೂ ಕೊಡಬೇಕಾಗುತ್ತದೆ. ಕಕ್ಷಿಗಾರನಿಗಲ್ಲ, ತನಗೆ ತಾನೇ: ಈ ಮಾತನ್ನು ಉಳಿಸಿಕೊಳ್ಳುವುದಕ್ಕೆ ತನ್ನಲ್ಲಿ ಹಣವಿದೆ ಎಂದು. ಇಲ್ಲಿಂದ ಮುಂದೆ ಶಾಪಾಶಯದ ಭಾಗ.

ಇಂಗ್ಲೆಂಡಿನ ಸಾಮಾನ್ಯ ನಿಯಮ ಸೋತವನು ಗೆದ್ದವನ ಖರ್ಚನ್ನು ಕೊಡಬೇಕೆಂಬುದು. ಪೂರ್ತಿಯಾಗಿ ಅಲ್ಲ. ಸಾಧಾರಣ ಮಾನದಲ್ಲಿ ಲೆಕ್ಕ ಹಾಕಿದಾಗ ಖರ್ಚು ನ್ಯಾಯವಾದದ್ದೆ, ವಿಷಯಕ್ಕೆ ತಕ್ಕಷ್ಟೆ ಎಂದು ನೋಡುತ್ತಾರೆ. ಸಂಶಯ ಬಂದರೆ ತೆರುವವನ ಕಡೆಗೆ ತೀರ್ಮಾನ. ಸೋತವನ ನಡತೆ ತೀರ ಅಸಾಧಾರಣವಾಗಿದ್ದರೆ ಮಾತ್ರ ಸಂಶಯದ ಲಾಭ ಪಡೆಯುವವನಿಗೆ ಸಿಕ್ಕುತ್ತದೆ. ಆದ್ದರಿಂದ ಗೆದ್ದ ಸಾಲಿಸಿಟರನೂ ಸಾಮಾನ್ಯವಾಗಿ ಸ್ವಲ್ಪ ಕಳೆದುಕೊಂಡೇ ಮನೆಗೆ ಹೋಗುವುದು. ಇದನ್ನು ಸಹಿಸಬಹುದು. ತೊಡಕಿರುವುದು ಸಾರ್ವಜನಿಕ ಸಂಸ್ಥೆ ಸೋತಾಗ ಏನೆಂಬುದರಲ್ಲಿ.

೨೦೦೦ದಲ್ಲಿ ಬ್ರ್ಯಾಡ್‌ಫರ್ಡ್ ನಗರಸಭೆಯ ಪ್ರಕರಣದಲ್ಲಿ ಲಾರ್ಡ್ ಬಿಂಗ್‌ಹಮ್ಮರು ಒಂದು ವ್ಯವಸ್ಥೆ ಮಾಡಿದರು. ವ್ಯಾಜ್ಯ ಬಾಡಿಗೆ ಗಾಡಿಗಳನ್ನು ನಡೆಸುವ ಪರವಾನಗಿಯದು. ನಮ್ಮ ವಿಷಯಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೆ ಅಲ್ಲಿ ಹೇಳಿದ ಮಾತು ದೂರ ಹರಡಿತು. ಅಧಿಕಾರಿಗಳು ಪ್ರಾಮಾಣಿಕವಾಗಿ, ವಿವೇಕದಿಂದ, ಸರಿಯೆಂದು ತೋರುವ ಆಧಾರದ ಮೇಲೆ ನಡೆದಿದ್ದರೆ, ಸೋತರೆಂಬ ಮಾತ್ರದಿಂದ ಖರ್ಚು ಹೊರಿಸಬಾರದು. ಎದುರುಪಕ್ಷದವನಿಗೆ ಆಗುವ ಹಣದ ನಷ್ಟವನ್ನೂ ನೋಡಬೇಕು, ಸಾರ್ವಜನಿಕ ಸಂಸ್ಥೆಗಳು ಖರ್ಚಿಗೆ ಅಂಜದೆ ಪ್ರಾಮಾಣಿಕ ನಿರ್ಣಯಗಳನ್ನು ಮಾಡುವಂತೆ ಪ್ರೋತ್ಸಾಹವೂ ಇರಬೇಕು ಎಂದು ಅವರು ಹೇಳಿದರು. ಬಿಂಗ್‌ಹಮ್ಮರ ಗದ್ಯ ಸಮತೂಕದ್ದು. ಎರಡು ಕಡೆಯನ್ನೂ ಹೇಳಿದ್ದಾರೆ. ಅವರನ್ನು ಉದ್ಧರಿಸಿದವರು ಅನೇಕ ವೇಳೆ ಒಂದು ಕಡೆಯನ್ನೇ ಉದ್ಧರಿಸಿದರು. ೨೦೦೭ರಲ್ಲಿ ಅಪೀಲು ನ್ಯಾಯಸ್ಥಾನವು ಸಾಲಿಸಿಟರುಗಳ ಶಿಸ್ತಿನ ಮಂಡಲಿಯ ಪ್ರಕರಣಗಳಿಗೂ ಇಂಥದೇ ನಿಯಮವನ್ನು ಅನ್ವಯಿಸಿ, ಲಾ ಸೊಸೈಟಿ ಸಾರ್ವಜನಿಕ ಹಿತಕ್ಕಾಗಿ ತರುವ ಆಪಾದನೆ ಬಿದ್ದುಹೋದ ಮಾತ್ರಕ್ಕೆ ಅದರಿಂದ ಖರ್ಚು ಕೊಡಿಸಬೇಕಾಗಿಲ್ಲವೆಂದಿತು.

ಇದರಿಂದ ಒಂದು ವಿಚಿತ್ರ ಪರಿಣಾಮ ಹುಟ್ಟಿತು. ಕಾಗದ ಕೊಡೆನೆಂದ ಸಾಲಿಸಿಟರನು ತಾನೇ ಹೈಕೋರ್ಟಿನ ಬಾಗಿಲು ತಟ್ಟಿ ಗೆದ್ದರೆ ಸೋತವನು ಕೊಡಬೇಕೆಂಬ ಸಾಮಾನ್ಯ ನಿಯಮದಿಂದ ಹೊರಡುತ್ತಾರೆ. ಅವನು ತಾಳ್ಮೆಯಿಂದ ಕಾದು, ಶಿಸ್ತಿನ ಮಂಡಲಿಯ ಮುಂದೆ ಆಪಾದಿತನಾಗಿ ನಿಂತು ಗೆದ್ದರೆ ಸಂಸ್ಥೆಯು ಸಾಮಾನ್ಯವಾಗಿ ಕೊಡಬೇಕಾಗಿಲ್ಲ ಎಂಬಲ್ಲಿಂದ ಹೊರಡುತ್ತಾರೆ. ಕಾಗದ ಅದೇ, ಕಕ್ಷಿಗಾರ ಅವನೇ, ಸಂಸ್ಥೆಯ ತಪ್ಪೂ ಅದೇ. ಹೊಕ್ಕ ಬಾಗಿಲು ಮಾತ್ರ ಬೇರೆ. ವ್ಯಾಜ್ಯಕ್ಕೆ ಅವಸರಪಡದವನಿಗೆ ಹೆಚ್ಚು ನಷ್ಟ. ತೀರ್ಪುಗಳನ್ನು ಬಿಡಿಬಿಡಿಯಾಗಿ ಓದಿದಾಗ ಪ್ರತಿಯೊಂದೂ ಯುಕ್ತವೆಂದೇ ತೋರುತ್ತದೆ. ಸೇರಿಸಿ ಓದಿದಾಗ ಹೀಗಾಗುತ್ತದೆ.

ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ರೂಪಕವೊಂದಿದೆ: ಚಳಿ. ಖರ್ಚಿನ ಭಯ ಸಾರ್ವಜನಿಕ ಸಂಸ್ಥೆಯ ಕೈಕಾಲುಗಳನ್ನು ಚಳಿಯಂತೆ ಮರಗಟ್ಟಿಸುತ್ತದೆ, ಆದ್ದರಿಂದ ಅದಕ್ಕೆ ಹೊದಿಕೆ ಬೇಕು ಎಂಬುದು ವಾದ. ರೂಪಕ ಚೆನ್ನಾಗಿದೆ. ಆದರೆ ಚಳಿಯ ಸ್ವಭಾವ ಎಲ್ಲರಿಗೂ ಸಮನಾಗಿ ಹಿಡಿಯುವುದು. ಹೊದಿಕೆ ಕಡಿಮೆಯಿದ್ದವನನ್ನು ಮೊದಲು ಹಿಡಿಯುವುದು. ಖಜಾನೆಯ ಬೆಂಬಲವಿರುವ ಸಂಸ್ಥೆ ನಡುಗುವುದನ್ನು ಬಣ್ಣಿಸುವ ಬರಹಗಳಲ್ಲಿ, ಇಬ್ಬರು ಗುಮಾಸ್ತರನ್ನು ಇಟ್ಟುಕೊಂಡು ಪೇಟೆಯ ಬೀದಿಯಲ್ಲಿ ಕೆಲಸಮಾಡುವ ಸಾಲಿಸಿಟರನ ನಡುಕಕ್ಕೆ ಆ ರೂಪಕ ಹೆಚ್ಚಾಗಿ ಸಲ್ಲುವುದೇ ಇಲ್ಲ. ಅವನ ವಿಷಯ ಬಂದಾಗ ಭಾಷೆ ಕೂಡಲೆ ಲೆಕ್ಕದ ಭಾಷೆಯಾಗುತ್ತದೆ: ನಷ್ಟ, ಹೊರೆ, ಪ್ರಮಾಣ. ಒಂದು ಪಕ್ಷಕ್ಕೆ ರೂಪಕವನ್ನೂ ಮತ್ತೊಂದು ಪಕ್ಷಕ್ಕೆ ಲೆಕ್ಕವನ್ನೂ ಕೊಟ್ಟ ಗದ್ಯ ತಕ್ಕಡಿಯನ್ನು ಹಿಡಿಯುವ ಮೊದಲೇ ಒಂದು ತಟ್ಟೆಯನ್ನು ಒತ್ತಿರುತ್ತದೆ.

ಈ ಹಿನ್ನೆಲೆಯಲ್ಲಿ ಲೇಡಿ ರೋಸರ ಎರಡು ತೀರ್ಪುಗಳನ್ನು ಒಂದೇ ಕೃತಿಯ ಎರಡು ಆಶ್ವಾಸಗಳೆಂದು ಓದಬಹುದು. ಮೊದಲನೆಯದು ೨೦೨೦ರದು, ಆಗ ಅವರು ಅಪೀಲು ನ್ಯಾಯಸ್ಥಾನದಲ್ಲಿದ್ದರು. ಸ್ಪೋರ್ಟ್ಸ್ ಡೈರೆಕ್ಟ್ ಎಂಬ ಕಂಪನಿಯ ಲೆಕ್ಕಪರಿಶೋಧಕರ ನಡತೆಯನ್ನು ವಿಚಾರಿಸುತ್ತಿದ್ದ ಹಣಕಾಸು ವರದಿ ಮಂಡಲಿಯು ಕಂಪನಿಯ ಗೋಪ್ಯ ಕಾಗದಗಳನ್ನು ಕೇಳಿತ್ತು. ೨೦೧೮ರಲ್ಲಿ ಹೈಕೋರ್ಟಿನ ಆರ್ನಾಲ್ಡರು ಹಾಫ್‌ಮನ್ನರ ತೇಪೆಯನ್ನೇ ಆಧಾರಮಾಡಿಕೊಂಡು ಕೊಡಬೇಕೆಂದಿದ್ದರು. ರೋಸರು ಆ ಆಧಾರವನ್ನು ಒಪ್ಪಲಿಲ್ಲ. ವಿಚಾರಣೆ ಕಕ್ಷಿಗಾರನ ಮೇಲಲ್ಲದಿದ್ದರೆ ಭಂಗವಿಲ್ಲವೆಂಬ ಅಪವಾದವೊಂದು ಕಾನೂನಿನಲ್ಲಿ ಇಲ್ಲವೆಂದು, ಹಳೆಯ ಪಾಠಗಳನ್ನು ಒಂದೊಂದಾಗಿ ತೆಗೆದು, ಯಾವ ಮಾತು ನಿರ್ಣಯಕ್ಕೆ ಸೇರಿದ್ದು, ಯಾವುದು ಪ್ರಾಸಂಗಿಕ ಎಂದು ಬೇರ್ಪಡಿಸಿ ತೋರಿಸಿದರು. ಗ್ರಂಥಸಂಪಾದನೆಯ ಕೆಲಸಮಾಡಿದವರು ಈ ಭಾಗವನ್ನು ಓದಿ ಸಂತೋಷಪಡುವರು; ಪ್ರಕ್ಷಿಪ್ತವನ್ನು ಮೂಲದಿಂದ ಬಿಡಿಸುವ ಕೈ ಅಲ್ಲಿದೆ.

ಎರಡನೆಯದು ೨೦೨೨ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಹೊರಟ ಫ್ಲಿನ್ ಫಾರ್ಮಾ ತೀರ್ಪು. ಇಲ್ಲಿ ಕಾಗದಗಳ ಪ್ರಶ್ನೆಯಿಲ್ಲ, ಶುದ್ಧ ಖರ್ಚಿನ ಪ್ರಶ್ನೆ. ಮೂರ್ಛೆರೋಗದ ಔಷಧವೊಂದರ ಬೆಲೆಯ ವಿಷಯದಲ್ಲಿ ಸ್ಪರ್ಧಾ ಪ್ರಾಧಿಕಾರವು ೨೦೧೬ರಲ್ಲಿ ಫೈಜರ್ ಕಂಪನಿಗೆ ೮೪.೨ ಮಿಲಿಯ ಪೌಂಡನ್ನೂ ಫ್ಲಿನ್ ಕಂಪನಿಗೆ ೫.೨ ಮಿಲಿಯ ಪೌಂಡನ್ನೂ ದಂಡ ಹಾಕಿತ್ತು. ಗುಳಿಗೆಗಳ ಒಂದು ಪೊಟ್ಟಣದ ಬೆಲೆ ೨.೮೩ ಪೌಂಡಿನಿಂದ ೨೦೧೨ರಲ್ಲಿ ೬೭.೫೦ಕ್ಕೆ ಏರಿದ್ದನ್ನು ನೋಡಿದರೆ ಕಂಪನಿಗಳ ಮೇಲೆ ಯಾರಿಗೂ ಪ್ರೀತಿ ಹುಟ್ಟದು. ಆದರೂ ೨೦೧೮ರಲ್ಲಿ ಸ್ಪರ್ಧಾ ನ್ಯಾಯಮಂಡಲಿ ಪ್ರಾಧಿಕಾರದ ತೀರ್ಮಾನದ ಮುಖ್ಯಭಾಗವನ್ನೂ ದಂಡವನ್ನೂ ತಳ್ಳಿಹಾಕಿ, ಆಮೇಲೆ ಖರ್ಚಿನ ಒಂದು ಪಾಲನ್ನು ಪ್ರಾಧಿಕಾರ ಕೊಡಬೇಕೆಂದಿತು. ಅಪೀಲು ನ್ಯಾಯಸ್ಥಾನ ಸಾರ್ವಜನಿಕ ಸಂಸ್ಥೆಗೆ ಖರ್ಚು ಹೊರಿಸದಿರುವುದೇ ಮೊದಲ ಹೆಜ್ಜೆಯಾಗಬೇಕೆಂದು ಅದನ್ನು ತೆಗೆದುಹಾಕಿತು. ಸುಪ್ರೀಂ ಕೋರ್ಟು ಮರಳಿ ಸ್ಥಾಪಿಸಿತು. ಸಾರ್ವಜನಿಕ ಸಂಸ್ಥೆ ಎಂಬ ಹೆಸರೊಂದರಿಂದಲೇ ರಕ್ಷಣೆ ಹುಟ್ಟುವ ಸಾರ್ವತ್ರಿಕ ನಿಯಮವಿಲ್ಲ. ಚಳಿಯ ಭಯ ನಿಜವಾಗಿ ಉಂಟೆ ಎಂಬುದನ್ನು ಆಯಾ ನ್ಯಾಯಮಂಡಲಿ, ಆಯಾ ಸಂಸ್ಥೆಯ ವಿಷಯದಲ್ಲಿ ವಿಚಾರಿಸಬೇಕು. ಅದು ತೂಗಬೇಕಾದ ಒಂದು ಅಂಶ, ತಕ್ಕಡಿಯೇ ಅಲ್ಲ—ಇದು ತೀರ್ಪಿನ ಸಾರ.

ಎರಡು ಕಡೆಯಲ್ಲಿಯೂ ಲೇಖಕಿಯ ಬುದ್ಧಿ ಒಂದೇ ರೀತಿ ನಡೆದಿದೆ. ಅಪವಾದವನ್ನು ಹೇಳುವವನು ಅದನ್ನು ತೋರಿಸಿಕೊಡಬೇಕು, ಇದೆಯೆಂದು ಊಹಿಸಲಾಗದು. ಹಕ್ಕಿನ ಭಾಗದಲ್ಲಿ ಹಿಡಿದ ನ್ಯಾಯವನ್ನು ಖರ್ಚಿನ ಭಾಗದಲ್ಲಿ ಬಿಡದಿರುವುದು ಈ ಮಾಲೆಯಲ್ಲಿ ಇದೇ ಮೊದಲು. ಅವರ ಗದ್ಯದಲ್ಲಿ ಮಿಲೆಟ್ಟರ ಚಿತ್ರವಿಲ್ಲ, ಡೆನಿಂಗರ ಓಟವಿಲ್ಲ. ಕೆಲವು ಕಡೆ ಪೂರ್ವಪಕ್ಷಗಳ ಪಟ್ಟಿ ಓದುಗನನ್ನು ದಣಿಸುತ್ತದೆ. ಇದು ದೋಷವೇ. ೨೦೦೭ರ ಶಿಸ್ತಿನ ಪ್ರಕರಣಗಳ ನಿಯಮವನ್ನು ಅವರು ಅಲುಗಿಸಲಿಲ್ಲವೆಂಬುದೂ ನಿಜ. ಎರಡು ಬಾಗಿಲುಗಳ ವೈಷಮ್ಯ ಹಾಗೆಯೇ ಉಳಿಯಿತು.

ಅರಸು ತಪ್ಪಿದಾಗ ಹಣದ ಗತಿ ಏನೆಂಬ ಪ್ರಶ್ನೆ ಕನ್ನಡನಾಡಿಗೆ ಹೊಸದಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯದಲ್ಲಿ ಇದನ್ನು ಎದುರಿಸಿದ್ದಾನೆ. ರಾಜನ ಮೂಲಕ ಸಾಲ ವಸೂಲಾದರೆ ಸಾಲಗಾರನು ನೂರಕ್ಕೆ ಹತ್ತನ್ನೂ, ಹಣ ಪಡೆದ ಸಾಹುಕಾರನು ನೂರಕ್ಕೆ ಐದನ್ನೂ ರಾಜನಿಗೆ ಕೊಡಬೇಕೆಂದು ಸ್ಮೃತಿ ಹೇಳುತ್ತದೆ. ಮೊದಲನೆಯದು ದಂಡ, ಎರಡನೆಯದು ಕೂಲಿ ಎಂದು ವ್ಯಾಖ್ಯಾನ. ಗೆದ್ದವನೂ ತೆರುವುದು ಅಲ್ಲಿಯೂ ಇದೆ. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಧರ್ಮ ಬಿಟ್ಟು ತೀರ್ಪು ಕೊಟ್ಟ ಸಭ್ಯರಿಗೆ ಎರಡುಪಟ್ಟು ದಂಡ. ಈ ಮೂರನ್ನು ಹೆಸರಿಸಿದ್ದರಿಂದ ಅಜ್ಞಾನ ಮೋಹಗಳಿಂದ ತಪ್ಪಿದವರಿಗೆ ಆ ಎರಡುಪಟ್ಟು ಇಲ್ಲ ಎಂದು ವಿಜ್ಞಾನೇಶ್ವರನು ಬಿಡಿಸುತ್ತಾನೆ. ಪ್ರಾಮಾಣಿಕವಾಗಿ ತಪ್ಪಿದವನಿಗೆ ರಿಯಾಯಿತಿ ಎಂಬ ಬಿಂಗ್‌ಹಮ್ಮರ ವಿಚಾರ ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಹೊಳೆದಿತ್ತು. ಭೇದವೂ ಉಂಟು. ಕಲ್ಯಾಣದಲ್ಲಿ ಆ ರಿಯಾಯಿತಿ ತಪ್ಪಿದವನ ದಂಡವನ್ನು ತಗ್ಗಿಸುತ್ತದೆ. ಲಂಡನ್ನಿನಲ್ಲಿ ತಪ್ಪಿಗೆ ಸಿಕ್ಕಿದವನ ಪರಿಹಾರವನ್ನು ತಗ್ಗಿಸುತ್ತದೆ.

ರಾಜನೇ ಅನ್ಯಾಯವಾಗಿ ದಂಡ ತೆಗೆದುಕೊಂಡಿದ್ದರೆ? ಅದರ ಮೂವತ್ತರಷ್ಟನ್ನು ವರುಣನಿಗೆ ನಿವೇದಿಸಿ ವಿಪ್ರರಿಗೆ ಕೊಡಬೇಕೆಂದು ಸ್ಮೃತಿ. ಇಲ್ಲಿ ಸ್ಮೃತಿಕಾರನು ಒಂದು ಮಾತನ್ನು ಬಿಟ್ಟಿದ್ದಾನೆ: ದಂಡ ಕೊಟ್ಟವನ ಗತಿಯೇನು? ದೇವರಿಗೆ ಮೂವತ್ತರಷ್ಟು ಸಂದರೂ ಅವನ ಕೈ ಬರಿದು. ವಿಜ್ಞಾನೇಶ್ವರನು ಆ ಬಿಡುವನ್ನು ತುಂಬುತ್ತಾನೆ: ಯಾರಿಂದ ಎಷ್ಟು ತೆಗೆದುಕೊಂಡನೋ ಅಷ್ಟನ್ನು ಅವರಿಗೆ ಹಿಂದಿರುಗಿಸತಕ್ಕದ್ದು, ಇಲ್ಲವಾದರೆ ಅಪಹಾರದ ದೋಷ ಬರುವುದು. ಮೂಲದಲ್ಲಿಲ್ಲದ ಈ ಒಂದು ವಾಕ್ಯವನ್ನು ಅವನು ಅರ್ಥಾಪತ್ತಿಯಿಂದಲೇ ಪಡೆದಿರಬೇಕು.

ಭಾರತದಲ್ಲಿ ಈ ಗೋಪ್ಯತೆಯ ನಿಯಮ ೧೮೭೨ರ ಸಾಕ್ಷ್ಯ ಅಧಿನಿಯಮದ ೧೨೬ನೆಯ ಪ್ರಕರಣದಲ್ಲಿತ್ತು. ೨೦೨೪ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೩೨ನೆಯ ಪ್ರಕರಣದಲ್ಲಿದೆ. ೨೦೨೫ರ ಅಕ್ಟೋಬರ್ ೩೧ರಂದು ಸುಪ್ರೀಂ ಕೋರ್ಟು, ತನಿಖೆಯ ಅಧಿಕಾರಿಗಳು ಕಕ್ಷಿಗಾರನ ವಿಷಯ ತಿಳಿಯುವುದಕ್ಕೆ ವಕೀಲನಿಗೆ ಸಮನ್ಸು ಕಳುಹಿಸಕೂಡದು, ಆ ಪ್ರಕರಣದ ಅಪವಾದಗಳೊಳಗೆ ಬಂದರೆ ಮಾತ್ರ ಮೇಲಧಿಕಾರಿಯ ಒಪ್ಪಿಗೆಯಿಂದ ಕಳುಹಿಸಬಹುದು ಎಂದು ವಿಧಿಸಿತು. ಆ ತೀರ್ಪಿನ ಭಾರವೂ ಬಿದ್ದಿರುವುದು ದತ್ತಿಯ ಭಾಗದ ಮೇಲೆ. ಸಮನ್ಸನ್ನು ತೆಗೆಸಿಹಾಕುವುದಕ್ಕಾಗಿ ಜಿಲ್ಲೆಯ ಊರಿನಿಂದ ರಾಜಧಾನಿಯ ಹೈಕೋರ್ಟಿಗೆ ಓಡಾಡಬೇಕಾದ ವಕೀಲನ ಪ್ರಯಾಣದ ವೆಚ್ಚವನ್ನೂ ಕಳೆದ ದಿನಗಳನ್ನೂ ಯಾರ ಲೆಕ್ಕಕ್ಕೆ ಬರೆಯಬೇಕೆಂಬ ವಾಕ್ಯ ಇಲ್ಲಿಯೂ ವ್ಯಾಖ್ಯಾನಕಾರನನ್ನು ಕಾಯುತ್ತಿದೆ.